ಒಳಮುಖದ ದೀಪ

ಏಣಿಯ ಮೇಲಿನಿಂದ ಕೈ ಚಾಚಿ ತುರ್ಗುನ್ ದೀಪದ ಕತ್ತನ್ನು ಇನ್ನೂ ಒಂದು ಬೆರಳಿನಷ್ಟು ಒಳಕ್ಕೆ ತಿರುಗಿಸುತ್ತಿದ್ದಾಗ ಕೆಳಗೆ ಪಕ್ಕದ ಮನೆಯ ಖೋಲ್ಮತ್ ಕೆಮ್ಮಿದ. ಖೋಲ್ಮತ್‌ಗೆ ಕೆಮ್ಮಿನ ಕಾಯಿಲೆಯೇನೂ ಇರಲಿಲ್ಲ. ನಾನು ನೋಡುತ್ತಿದ್ದೇನೆ ಎಂದು ತಿಳಿಸಬೇಕಾದಾಗ ಅವನು ಹಾಗೆ ಕೆಮ್ಮುತ್ತಾನೆ. ಇಷ್ಟು ವರ್ಷಗಳ ನೆರೆಹೊರೆಯಲ್ಲಿ ತುರ್ಗುನ್ ಕಲಿತ ಸಂಗತಿಗಳಲ್ಲಿ ಅದೂ ಒಂದು. ಅವನು ಕೆಳಗೆ ನೋಡದೆ ತಿರುಪು ಬಿಗಿಯುವುದರಲ್ಲಿ ಮುಳುಗಿದವನಂತೆ ನಟಿಸಿದ. ಬೀದಿಯುದ್ದಕ್ಕೂ ಹಾದುಹೋಗುವ ಹಳದಿ ಗ್ಯಾಸ್ ಪೈಪು ಮನೆಮನೆಯ ಗೇಟಿನ ಮುಂದೂ ಕಮಾನಾಗಿ ಮೇಲೆದ್ದು ಮತ್ತೆ ಇಳಿಯುತ್ತದೆ. ತನ್ನ ಗೇಟಿನೆದುರಿನ ಕಮಾನಿಗೆ, ನೀರಿನ ಕಾಲುವೆಯ ಆಚೆ ಬದಿಗೆ, ಅವನು ದೀಪ ಕಟ್ಟಿದ್ದ. ಹಗಲು ಬಿಸಿಲು ಕುಡಿದು ಕತ್ತಲಲ್ಲಿ ಉರಿಯುವ ದೀಪ. ಅದರ ಹಣೆಯಲ್ಲೊಂದು ಗುಂಡು ಕಣ್ಣು. ಆ ಕಣ್ಣಿನೆದುರು ಏನಾದರೂ ಅಲುಗಿದರೆ ಸಾಕು, ಛಕ್ಕನೆ ಹೊತ್ತಿಕೊಳ್ಳುತ್ತದೆ. ಮರ್ಗಿಲಾನಿನ ಪೇಟೆಯಲ್ಲಿ ಮಾರಿದವನು ತನ್ನ ಟೊಪ್ಪಿಯನ್ನೇ ಅದರ ಮುಂದೆ ಬೀಸಿ ತೋರಿಸಿದ್ದ.

"ತುರ್ಗುನ್ ಅಕಾ, ಒಂದು ಮಾತು ಕೇಳ್ಲಾ? ಕಳ್ಳ ಯಾವ ಕಡೆಯಿಂದ ಬರ್ತಾನೆ?" ಅಣ್ಣ ಎಂಬ ಗೌರವಕ್ಕೆ ಖೋಲ್ಮತ್ ಅವನನ್ನು ಅಕಾ ಎನ್ನುತ್ತಿದ್ದ.

"ಬೀದಿ ಕಡೆಯಿಂದ. ಇನ್ನೆಲ್ಲಿಂದ ಬರ್ತಾನೆ, ಆಕಾಶದಿಂದ್ಲಾ?"

"ಅಲ್ಲ, ನಿಮ್ಮ ದೀಪ ನಿಮ್ಮ ಗೇಟನ್ನೇ ನೋಡ್ತಾ ಇದೆಯಲ್ಲ, ಅದಕ್ಕೆ ಕೇಳಿದೆ. ನಮ್ಮದು ಬೀದಿ ನೋಡುತ್ತೆ. ಮೂಲೆಮನೆ ದರ್ಜಿದೂ ಬೀದಿ ನೋಡುತ್ತೆ. ನಿಮ್ಮದೊಂದೇ ಬೀದಿಗೆ ಬೆನ್ನು ಹಾಕ್ಕೊಂಡು ಕೂತಿರೋದು. ಮುನಿಸ್ಕೊಂಡಿರೋ ಸೊಸೆ ಥರ."

"ಬೀಗ ಕಾಣಬೇಕಲ್ಲಪ್ಪ. ಕಳ್ಳ ಕೈ ಹಾಕೋದು ಬೀಗಕ್ಕೆ."

"ಓ, ಅದೂ ಸರಿ ಬಿಡಿ," ಎಂದು ಖೋಲ್ಮತ್ ಏಣಿಯನ್ನು ಹಿಡಿದುಕೊಂಡ. ಹಿಡಿ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಸೊಸೆ ಎಂದದ್ದೇಕೆ? ಮುನಿಸಿಕೊಂಡ ಎತ್ತು ಎನ್ನಬಹುದಿತ್ತು, ಮುನಿಸಿಕೊಂಡ ಮುಲ್ಲಾ ಎನ್ನಬಹುದಿತ್ತು. ಏಣಿಯಿಂದ ಇಳಿಯುತ್ತ, ಏಣಿಯನ್ನು ಗೋಡೆಗೆ ಒರಗಿಸುತ್ತ, ಖೋಲ್ಮತ್ ಕೊಟ್ಟ ಹೊಗೆಸೊಪ್ಪನ್ನು ಬೇಡವೆನ್ನುತ್ತ ತುರ್ಗುನ್ ಆ ಒಂದು ಮಾತನ್ನು ಮತ್ತೆ ಮತ್ತೆ ಮಗುಚಿ ನೋಡಿದ. ಈ ಬೀದಿಯಲ್ಲಿ ಗಂಡನ ಮನೆ ಬಿಟ್ಟು ಬಂದವಳೆಂದರೆ ತನ್ನ ಮಗಳು ಇನೋಬತ್ ಒಬ್ಬಳೇ. ಅವಳ ಪೆಟ್ಟಿಗೆಯನ್ನೂ ರಜಾಯಿಗಳನ್ನೂ ಹೇರಿಕೊಂಡು ಲಾರಿ ಬಂದದ್ದು ಮಟಮಟ ಮಧ್ಯಾಹ್ನ. ಕತ್ತಲಾದ ಮೇಲೆ ಕಳಿಸುವಷ್ಟು ಮರ್ಯಾದೆಯೂ ಆ ಬೀಗರಿಗೆ ಇರಲಿಲ್ಲ. ಮದುವೆಗೆಂದು ಅವನ ಹೆಂಡತಿ ಸಾಲೊಮತ್ ಎರಡು ಚಳಿಗಾಲ ಕೂತು ಹೊಲಿದ ಕೆಂಪು ರಜಾಯಿಗಳು ಲಾರಿಯ ಹಿಂದಿನಿಂದ ಇಳಿಬಿದ್ದು ಬೀದಿಯ ಧೂಳು ಗುಡಿಸಿಕೊಂಡು ಬಂದಿದ್ದವು. ಆವತ್ತೂ ಖೋಲ್ಮತ್ ಹೀಗೆಯೇ ನಿಂತಿದ್ದ, ಹೀಗೆಯೇ ಕೆಮ್ಮಿದ್ದ. "ಹತ್ತಿ ಗಂಟುಕಟ್ಟಿದೆಯಂತೆ, ಹಿಂಜಿಸೋಕೆ ತಂದಿದಾರೆ" ಎಂದು ತುರ್ಗುನ್ ಹೇಳಿದ್ದ. ರಜಾಯಿ ಹಿಂಜಿಸಲು ಪೆಟ್ಟಿಗೆ ಯಾಕೆ ಬರಬೇಕು ಎಂದು ಖೋಲ್ಮತ್ ಕೇಳಲಿಲ್ಲ. ಕೇಳದೆ ಪೆಟ್ಟಿಗೆಯ ಒಂದು ಬದಿಗೆ ಕೈಕೊಟ್ಟು ಒಳಗೆ ತಂದಿಟ್ಟ. ಆ ಉಪಕಾರವನ್ನು ತುರ್ಗುನ್ ಇವತ್ತಿಗೂ ಕ್ಷಮಿಸಿಲ್ಲ.

ಬೀದಿಯಲ್ಲಿ ಕಳ್ಳರಿದ್ದಾರೆ ಎನ್ನುವುದಕ್ಕೆ ಒಂದೇ ಆಧಾರವೆಂದರೆ ಹೋದ ತಿಂಗಳು ಕಾಣೆಯಾದ ಖೋಲ್ಮತ್‌ನ ಕೋಳಿ. ಅಷ್ಟಕ್ಕೇ ಮೊಹಲ್ಲಾದ ಹಿರಿಯರು ಸಭೆ ಕರೆದು, ಎಲ್ಲರೂ ಮನೆಮುಂದೆ ದೀಪ ಹಾಕಿಸಿಕೊಳ್ಳಿ, ಬೆಳಕಿದ್ದಲ್ಲಿಗೆ ಕಳ್ಳ ಬರುವುದಿಲ್ಲ ಎಂದು ಸಾರಿದ್ದರು. ಎಲ್ಲರಿಗಿಂತ ಮೊದಲು ಹಾಕಿಸಿಕೊಂಡವನು ತುರ್ಗುನ್. ಕಳ್ಳರ ಮಾತು ಬಂದಾಗ ಅವನಿಗೆ ಒಂದು ರೀತಿಯ ನೆಮ್ಮದಿಯೇ ಆಗಿತ್ತು. ಹುಡುಕುತ್ತಿದ್ದ ನೆಪವನ್ನು ಯಾರೋ ಕೈಯಲ್ಲೇ ತಂದಿಟ್ಟಿದ್ದರು. ಗೇಟುಗಳ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೀವಮಾನವಿಡೀ ರೇಷ್ಮೆ ಗಿರಣಿಯ ಗೇಟಿನಲ್ಲಿ ಕೂತವನು ಅವನು. ಬೆಳಿಗ್ಗೆ ಒಳಗೆ ಹೋಗುವ ಹೆಂಗಸರನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ; ಅವನ ಕೆಲಸವೆಲ್ಲ ಸಂಜೆ ಹೊರಗೆ ಬರುವವರ ಮೇಲೆ. ರುಮಾಲಿನ ಮಡಿಕೆಯಲ್ಲಿ, ಊಟದ ಡಬ್ಬಿಯಲ್ಲಿ, ಲಂಗದ ಅಂಚಿನಲ್ಲಿ ನೂಲು ಹೊರಗೆ ಹೋಗುತ್ತಿತ್ತು. ಕಾಲು ಎತ್ತಿಡುವ ರೀತಿ, ಮೈಯ ಯಾವ ಬದಿ ಬಿಗಿಯಾಗಿದೆ, ಯಾರು ಜಾಸ್ತಿ ನಗುತ್ತಾಳೆ, ಇಷ್ಟು ಸಾಕಾಗಿತ್ತು ಅವನಿಗೆ. ಒಂದು ಸಲ ಹೊಟ್ಟೆ ಮುಂದೆ ಮಾಡಿಕೊಂಡು ಮೆಲ್ಲಗೆ ಬಂದ ಹುಡುಗಿಯೊಬ್ಬಳನ್ನು ನಿಲ್ಲಿಸಿದ. ತಪಾಸಣೆ ಮಾಡುವ ಹೆಂಗಸು ಬರುವವರೆಗೆ, ಪಾಳಿಯವರೆಲ್ಲ ಪಕ್ಕದಲ್ಲೇ ಹಾದುಹೋಗುತ್ತಿರುವಾಗ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಹೊಟ್ಟೆಯಲ್ಲಿದ್ದದ್ದು ಹೊಟ್ಟೆಯಲ್ಲಿರಬೇಕಾದದ್ದೇ. ಅವಳು ಅಳಲಿಲ್ಲ, ಬಯ್ಯಲಿಲ್ಲ, ರುಮಾಲು ಸರಿಮಾಡಿಕೊಂಡು "ಹೋಗ್ಲಾ?" ಎಂದಳು. ಅಥವಾ ಹಾಗೆಂದವಳು ಇನೋಬತ್ತೋ? ಅವಳೂ, ಲಾರಿ ಬರುವುದಕ್ಕೆ ಮುಂಚಿನ ಒಂದು ಸಂಜೆ, ಈ ಮನೆಯ ಗೇಟಿನಲ್ಲಿ ಊದಿದ ಕಿವಿಯನ್ನು ರುಮಾಲಿನಿಂದ ಮುಚ್ಚಿಕೊಂಡು ನಿಂತಿದ್ದಳು, ಕೈಯಲ್ಲಿ ಚೀಲವೂ ಇಲ್ಲದೆ. ಸಾಲೊಮತ್ ಆಗ ಬದುಕಿದ್ದಳು, ಹಿತ್ತಲಲ್ಲಿ ತಂದೂರಿನ ಬಾಯಿಗೆ ಬಗ್ಗಿ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ತಿಳಿಯುವ ಮೊದಲೇ, ಬೀದಿಯ ಕಣ್ಣಿಗೆ ಬೀಳುವ ಮೊದಲೇ, ತುರ್ಗುನ್ ಟ್ಯಾಕ್ಸಿ ನಿಲ್ಲಿಸಿ ಮಗಳನ್ನು ಅವಳ ಗಂಡನ ಮನೆಗೆ ವಾಪಸು ಬಿಟ್ಟುಬಂದ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಇಳಿಯುವಾಗ "ಹೋಗ್ಲಾ ಅಪ್ಪಾ?" ಎಂದಳು. ಸಾಲೊಮತ್‌ಗೆ ಕೊನೆಯವರೆಗೂ ಅದು ಗೊತ್ತಾಗಲಿಲ್ಲ. ಗೊತ್ತಾಗಿಲ್ಲ ಎಂದು ಅವನು ಅಂದುಕೊಂಡಿದ್ದಾನೆ.

ಪೊರಕೆಯ ಸದ್ದಿನಿಂದ ಶುರುವಾದದ್ದು ಇದೆಲ್ಲ. ಇನೋಬತ್ ನಸುಕಿಗೆ ಮುಂಚೆಯೇ ಎದ್ದು, ಗೇಟಿನೊಳಗಿನ ಚಿಕ್ಕ ಬಾಗಿಲು ತೆರೆದು, ಕಾಲುವೆಯ ನೀರು ಮೊಗೆದು ಚಿಮುಕಿಸಿ, ಬೀದಿಯ ಅರ್ಧದವರೆಗೂ ಗುಡಿಸುತ್ತಾಳೆ. ಹುಡುಗಿಯಾಗಿದ್ದಾಗಿನಿಂದ ಅದು ಅವಳ ಕೆಲಸ. ಆಗೆಲ್ಲ ಆ ಸದ್ದು ಕೇಳುತ್ತ ಹಾಸಿಗೆಯಲ್ಲಿ ಮಗ್ಗುಲಾಗುವಾಗ ತುರ್ಗುನ್‌ಗೆ ಹೆಮ್ಮೆಯಾಗುತ್ತಿತ್ತು. ಗುಡಿಸಿದ ಗೇಟಿನ ಮುಂಭಾಗ ನೋಡಿಯೇ ಎಷ್ಟು ಮನೆಯವರು ರೊಟ್ಟಿ ಕಟ್ಟಿಕೊಂಡು ಹೆಣ್ಣು ಕೇಳಲು ಬಂದಿದ್ದರು! ಈಗ ಮರಳಿ ಬಂದವಳ ಪೊರಕೆಯನ್ನು ಕೇಳಲು ಅವನೊಬ್ಬನೇ. ಶರತ್ಕಾಲದ ಒಂದು ನಸುಕಿನಲ್ಲಿ ಆ ಪೊರಕೆ ನಡುವೆ ನಿಂತಿತು. ಸುಸ್ತಾಗಿ ನಿಂತದ್ದಾಗಿದ್ದರೆ ಒಂದು ಉಸಿರಿನಷ್ಟು ಹೊತ್ತು. ಇದು ಅದಕ್ಕಿಂತ ಉದ್ದ. ಆ ಮೌನದಲ್ಲಿ ದಪ್ಪ ದನಿಯೊಂದು ಏನೋ ಅಂದಂತಾಯಿತು, ಅವಳು ಏನೋ ಅಂದಂತಾಯಿತು, ಮತ್ತೆ ಪೊರಕೆ ಶುರುವಾಯಿತು, ಮೊದಲಿಗಿಂತ ಹಗುರವಾಗಿ. ಆ ಹಗುರವೇ ಅವನನ್ನು ಎಬ್ಬಿಸಿ ಕೂರಿಸಿತು. ಮಾರನೆಯ ದಿನ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಏನೂ ಆಗಲಿಲ್ಲ. ಅದರ ಮಾರನೆಯ ದಿನ ಮತ್ತೆ ಪೊರಕೆ ನಿಂತಿತು, ಮತ್ತೆ ಅದೇ ದಪ್ಪ ದನಿ. ಅವನು ಬರಿಗಾಲಲ್ಲಿ ಅಂಗಳಕ್ಕೆ ಬರುವಷ್ಟರಲ್ಲಿ ಅವಳು ಖಾಲಿ ಲೋಟ ಹಿಡಿದು ಒಳಗೆ ಬಂದಳು. ಯಾರದು ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು, ಆಗ ಅದನ್ನು ನಂಬಬೇಕೋ ಬೇಡವೋ ಎಂದು ಅವನು ತೀರ್ಮಾನಿಸಬೇಕಾಗುತ್ತಿತ್ತು. ಇಂಥವಳಿಗಾಗಿ ನಸುಕಿನಲ್ಲಿ ಬರುವವನು ಎಂಥವನಿರುತ್ತಾನೆ ಎಂದು ಮಾತ್ರ ಯೋಚಿಸಿದ. ಇಂಥವಳು ಎಂಬ ಮಾತು ತನ್ನ ತಲೆಯೊಳಗೇ ಹುಟ್ಟಿತೆಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಮಾತು ಹೋಗಲಿಲ್ಲ.

ದೀಪ ಕಟ್ಟಿದ ಮಾರನೆಯ ನಸುಕಿನಲ್ಲಿ ಅವನು ಕೋಣೆಯ ಕಿಟಕಿಯ ಪರದೆಯ ಸಂದಿಯಿಂದ ನೋಡಿದ್ದ. ಅವಳು ಚಿಕ್ಕ ಬಾಗಿಲು ತೆರೆದಳು. ಹೊರಗೆಲ್ಲ ಒಮ್ಮೆಗೇ ಬೆಳ್ಳಗಾಯಿತು. ಒಂದು ಕೈಯಲ್ಲಿ ಬಕೆಟ್ಟು, ಒಂದು ಕೈಯಲ್ಲಿ ಪೊರಕೆ, ಅವಳು ಹೊಸ್ತಿಲ ಮೇಲೆಯೇ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು. ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಬಹಳ ಹೊತ್ತು ನಿಂತು ಬಾಗಿಲು ಹಾಕಿಕೊಂಡು ಒಳಗೆ ಬಂದಳು. ಆವತ್ತಿನಿಂದ ಅವಳು ಗುಡಿಸುವುದು ಸೂರ್ಯ ಹುಟ್ಟಿ ಬೀದಿಯ ತುಂಬ ಜನ ಓಡಾಡುವ ಹೊತ್ತಿಗೆ. ನೋಡು, ನಿಂತೇಹೋಯಿತು, ಎಂದುಕೊಂಡ ತುರ್ಗುನ್. ನಿಂತಿತೆಂದರೆ ಏನೋ ಇತ್ತು ಎಂದೇ ಅರ್ಥ. ಏನೂ ಇರದಿದ್ದರೆ ಬೆಳಕಿಗೆ ಹೆದರುವುದು ಯಾಕೆ? ಸಾಬೀತಾಯಿತೆಂಬ ಸಮಾಧಾನ, ಸಾಬೀತಾಯಿತಲ್ಲ ಎಂಬ ನೋವು, ಎರಡೂ ಒಟ್ಟಿಗೇ ಇದ್ದವು. ಈ ಮಧ್ಯೆ ಬಾಗಿಲ ಕೆಳಭಾಗ ಬೆಳಕಿನಿಂದ ತಪ್ಪಿಸಿಕೊಳ್ಳುತ್ತದೆ ಎನ್ನಿಸತೊಡಗಿತು. ಬಗ್ಗಿ ದಾಟಿದರೆ ಕಣ್ಣಿಗೆ ಬೀಳಲಿಕ್ಕಿಲ್ಲ. ಆದ್ದರಿಂದ ಇವತ್ತಿನ ಏಣಿ.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಚಾಯಿಖಾನೆಗೆ ಹೋದರೆ ಜಗಲಿಯ ಮೇಲೆ ನಾಲ್ಕಾರು ಗಂಡಸರ ನಡುವೆ ಕೂತ ಖೋಲ್ಮತ್ ಒಂದು ಅಂಗೈಯನ್ನು ಎತ್ತಿ ತನ್ನ ಮುಖಕ್ಕೇ ತಿರುಗಿಸಿ ಹಿಡಿದುಕೊಂಡು ಏನೋ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ತುರ್ಗುನ್‌ನನ್ನು ಕಂಡು ಅಂಗೈ ಇಳಿಯಿತು.

"ಬನ್ನಿ ತುರ್ಗುನ್ ಅಕಾ, ನೂರು ವರ್ಷ ಆಯಸ್ಸು ನಿಮಗೆ, ಈಗ ತಾನೇ ನಿಮ್ಮ ಹೆಸರು ಬಂತು," ಎಂದ ದರ್ಜಿ, ಜಾಗ ಬಿಡುತ್ತ.

"ಹೆಸರು ಯಾಕೆ ಬಂತು?"

"ಒಳ್ಳೇ ದೀಪ ಹಾಕ್ಸಿದೀರಿ ಅಂತ."

"ಅದಕ್ಕೆ ನಗೋದೇನಿದೆ?"

"ನಕ್ಕಿದ್ದು ಅದಕ್ಕಲ್ಲ ಅಕಾ. ಇವನ ಕೋಳಿಗೆ. ಕಳ್ಳ ಒಂದೇ ಒಂದು ಕೋಳಿ ಕದೀತಾನಾ ಅಂತ. ಅದು ಇವನ ಹೆಂಡ್ತಿ ಬೈಗುಳ ತಡೀಲಾರ್ದೆ ತಾನೇ ಓಡಿಹೋಗಿರ್ಬೇಕು."

ಮತ್ತೆ ನಗು. ತುರ್ಗುನ್ ಕೂಡ ನಕ್ಕ, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಓಡಿಹೋಗುವುದು ಎಂಬ ಮಾತು ಯಾರ ಕಡೆ ನೋಡುತ್ತ ಹೊರಬಿತ್ತು? ದರ್ಜಿ ಚಹಾ ಬಗ್ಗಿಸುವಾಗ ಬಟ್ಟಲನ್ನು ಅರ್ಧಕ್ಕಿಂತ ಜಾಸ್ತಿ ತುಂಬಿದ. ಬೇಗ ಕುಡಿದು ಎದ್ದುಹೋಗಲಿ ಎನ್ನುವ ಅತಿಥಿಗೆ ಹಾಗೆ ತುಂಬುತ್ತಾರೆ. ಅಥವಾ ಅವನ ಕೈ ನಡುಗಿರಬಹುದು, ವಯಸ್ಸಾಯಿತು. ತುರ್ಗುನ್ ಬಿಸಿ ಚಹಾವನ್ನು ನಾಲಿಗೆ ಸುಟ್ಟುಕೊಂಡು ಕುಡಿದ. ಇವರಿಗೆಲ್ಲ ಗೊತ್ತು. ಗೊತ್ತಿದ್ದೂ ತನ್ನೆದುರು ಬಾಯಿಗೆ ಬೀಗ ಹಾಕಿಕೊಂಡು, ಬೆನ್ನ ಹಿಂದೆ ಅಂಗೈ ತಿರುಗಿಸಿ ತೋರಿಸಿಕೊಳ್ಳುತ್ತಾರೆ. ಗೊತ್ತಿರುವುದು ಏನು ಎಂಬುದು ಮಾತ್ರ ಅವನಿಗೇ ಗೊತ್ತಿರಲಿಲ್ಲ.

ರಾತ್ರಿಯೂಟಕ್ಕೆ ಇನೋಬತ್ ಹೆಸರುಕಾಳು ಅಕ್ಕಿ ಹಾಕಿದ ಗಂಜಿ ಮಾಡಿದ್ದಳು. ಮೇಲೆ ಮೊಸರು, ಸಾಲೊಮತ್ ಹಾಕುತ್ತಿದ್ದ ಹಾಗೆಯೇ ಒಂದೇ ಚಮಚ, ನಡುಮಧ್ಯಕ್ಕೆ. ರೊಟ್ಟಿ ಮುರಿದು ತಂದೆಯ ಕಡೆ ದೊಡ್ಡ ಚೂರು ಇಟ್ಟಳು. ಅವಳ ಬೆರಳುಗಳು ನೀರಿನಲ್ಲಿ ನೆನೆದು ಬಿರಿದಿದ್ದವು. ಅವಳು ಒಂದೊಂದು ಸಲ ತಲೆ ಎತ್ತಿ ಏನೋ ಹೇಳುವವಳಂತೆ ಕಾಣುತ್ತಿದ್ದಳು. ಆಗೆಲ್ಲ ಅವನು ಬಟ್ಟಲಿನ ಕಡೆ ನೋಡುತ್ತಿದ್ದ.

"ಈಗೀಗ ಬೀದಿ ಬಾಗಿಲು ತಡವಾಗಿ ಗುಡಿಸ್ತೀಯಲ್ಲ," ಎಂದ ಕೊನೆಗೆ. ಸಹಜವಾಗಿ ಕೇಳಿದಂತೆ ಇರಲೆಂದು ರೊಟ್ಟಿಯನ್ನು ಅದ್ದುತ್ತಲೇ ಕೇಳಿದ.

"ಹೂಂ."

"ಮೊದ್ಲು ಕತ್ತಲಲ್ಲೇ ಗುಡಿಸ್ತಿದ್ದೆ."

"ದೀಪ ಕಣ್ಣಿಗೆ ಹೊಡಿಯುತ್ತೆ ಅಪ್ಪಾ."

"ಹೊಡೀಲಿ ಅಂತಾನೇ ಹಾಕಿರೋದು. ಕಳ್ಳರು ಓಡಿಹೋಗ್ಬೇಕಲ್ಲ."

"ಹೌದು," ಎಂದಳು. ರೊಟ್ಟಿಯ ಚೂರುಗಳನ್ನು ಒಟ್ಟುಮಾಡುತ್ತ, "ಬೀದಿ ಕಡೆ ತಿರುಗ್ಸಿದ್ರೆ ನಾನು ಮೊದ್ಲಿನ ಹಾಗೇ ಗುಡಿಸ್ಬಹುದು. ನಾಳೆ ಒಂದಿನ ಬೇಗ ಗುಡಿಸ್ಬೇಕಿತ್ತು," ಎಂದಳು.

"ನಾಳೆ ಏನಿದೆ?"

ಅವಳ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾಯಿತು. ತನಗೆ ಮೂವತ್ತು ತುಂಬುತ್ತಿದೆ ಎಂಬುದನ್ನೇ ಮರೆತವಳಂತೆ ಹುಡುಗಿಯ ಹಾಗೆ ತಲೆತಗ್ಗಿಸಿ, "ಏನಿಲ್ಲ. ಎಲೆ ಜಾಸ್ತಿ ಉದುರ್ತಾ ಇದೆ," ಎಂದಳು.

ಗಿರಣಿಯ ಗೇಟಿನಲ್ಲಿ ಇಂಥ ಕೆಂಪನ್ನು ಅವನು ಎಷ್ಟು ಕಂಡಿದ್ದ! ಕೆಂಪಾದವಳ ಚೀಲದಲ್ಲಿ ನೂಲು ಇದ್ದೇ ಇರುತ್ತಿತ್ತು. ನಾಳೆ, ಹಾಗಾದರೆ ನಾಳೆ. ಬಟ್ಟಲು ನೆಕ್ಕಿ, ಕೈ ಎತ್ತಿ ದುವಾ ಮಾಡಿ, ಬೇಗ ಮಲಗಲು ಹೋದ.

ಅಜಾನಿಗೆ ಇನ್ನೂ ಹೊತ್ತಿರುವಾಗಲೇ ಎದ್ದು, ಗೇಟಿನ ಒಳಮಗ್ಗುಲಿಗೆ ಬಂದು ಕತ್ತಲಲ್ಲಿ ಕೂತ. ಮೈಮೇಲೆ ಬನಿಯನ್ನು, ಹೆಗಲ ಮೇಲೆ ಹಳೆಯ ನಿಲುವಂಗಿ, ತೊಡೆಯ ಮೇಲೆ ಗುದ್ದಲಿ. ಗೋಡೆಗೊರಗಿಸಿದ್ದ ಗುದ್ದಲಿಯನ್ನು ಏಕೆ ಎತ್ತಿಕೊಂಡನೆಂದು ಅವನಿಗೆ ಸ್ಪಷ್ಟವಿರಲಿಲ್ಲ. ಕೈಗೆ ಏನಾದರೂ ಬೇಕಿತ್ತು. ಕಾಲುವೆಯಲ್ಲಿ ಎಲೆ ಸಿಕ್ಕಿಕೊಂಡು ನೀರು ಗೊಣಗುತ್ತಿತ್ತು. ಮೊದಲು ಒಂದು ಹೆಜ್ಜೆ, ರಬ್ಬರು ಜೋಡಿನ ಹೆಜ್ಜೆ. ಬಂತು, ನಿಂತಿತು, ಅತ್ತ ಹೋಯಿತು, ಇತ್ತ ಬಂತು. ಕೆಮ್ಮಿತು, ಅದೇ ದಪ್ಪ ಕೆಮ್ಮು. ಇಷ್ಟಾದರೂ ಗೇಟಿನ ಸಂದಿಯಲ್ಲಿ ಬೆಳಕಿಲ್ಲ. ದೀಪ ಬೀದಿಗೆ ಬೆನ್ನು ಹಾಕಿ ಕೂತಿದೆ, ಅದಕ್ಕೇನು ಗೊತ್ತು? ತುರ್ಗುನ್ ಎದ್ದು ಅಗುಳಿಯ ಮೇಲೆ ಕೈಯಿಟ್ಟ. ಹಿಡಿದರೆ ಏನು ಮಾಡುವುದು? ಕೂಗಿದರೆ ಬೀದಿಯೆಲ್ಲ ಏಳುತ್ತದೆ, ಕೂಗದಿದ್ದರೆ ಹಿಡಿದು ಫಲವೇನು? ಯೋಚನೆ ಮುಗಿಯುವ ಮೊದಲೇ ಕೈ ಅಗುಳಿ ಎಳೆದಿತ್ತು. ಚಿಕ್ಕ ಬಾಗಿಲನ್ನು ಒದ್ದು ತೆರೆದು ಗುದ್ದಲಿ ಎತ್ತಿಕೊಂಡು ಅವನು ಹೊಸ್ತಿಲ ಮೇಲೆ ನಿಂತ.

ಬೆಳಕು ಅವನ ಮುಖಕ್ಕೇ ಬಡಿಯಿತು. ಬಿಳಿಯಲ್ಲದೆ ಬೇರೇನೂ ಕಾಣಲಿಲ್ಲ. ಬನಿಯನ್ನಿನ ತೂತು, ಕಟ್ಟದ ಪೈಜಾಮದ ಲಾಡಿ, ಬರಿಗಾಲು, ತಲೆಯ ಮೇಲೆ ಟೊಪ್ಪಿಯಿಲ್ಲ, ಎಲ್ಲ ಹೊರಗಿನವರಿಗೆ ಕಾಣುತ್ತಿರಬೇಕು. ಹೊರಗಿನವರು ಮಾತ್ರ ಅವನಿಗೆ ಕಾಣರು.

"ಗುದ್ದಲಿ ಇಳಿಸಿ ತುರ್ಗುನ್," ಎಂದಿತು ಬೆಳಕಿನ ಆಚೆಯಿಂದ ದಪ್ಪ ದನಿ. "ನನಗೆ ಗುಂಡಿ ತೋಡೋಕೆ ಇನ್ನೂ ಸ್ವಲ್ಪ ಟೈಮಿದೆ."

"ಯಾರು? ಯಾರದು?"

"ಬಶೋರತ್. ಕಾಲುವೆ ಆಚೆ ಬೀದಿ. ಗಿರಣೀಲಿ ನಿಮ್ಮ ಸಾಲೊಮತ್ ಪಕ್ಕದ ಮಗ್ಗದವಳು. ಗಂಟಲು ಮೊದ್ಲಿಂದ್ಲೂ ಹಿಂಗೇ, ಕತ್ತಲಲ್ಲಿ ಎಲ್ಲರೂ ಗಂಡಸು ಅಂದ್ಕೋತಾರೆ."

"ಇಷ್ಟು ಹೊತ್ತಲ್ಲಿ ಇಲ್ಲೇನು ಆಪಾ?"

"ಹಾಲಿಗೆ ಹೊರಟಿದ್ದೆ," ಎಂದಿತು ದನಿ. ಆ ಸುಳ್ಳು ತನಗೇ ಬೇಸರವಾದಂತೆ, "ಹಾಲಿಗಲ್ಲ ಬಿಡಿ. ಗುಡಿಸಿರ್ತಾರಾ ಅಂತ ನಿಮ್ಮ ಬಾಗಿಲ ಮುಂದೆ ನೋಡೋಕೆ ಬಂದೆ. ಹೆಣ್ಣು ಕೇಳೋರು ನಸುಕಲ್ಲಿ ಬರ್ದೆ ನಡುಮಧ್ಯಾಹ್ನ ಬರ್ತಾರಾ?" ಎಂದಿತು.

ತುರ್ಗುನ್ ಬಾಯಿ ತೆರೆದ. ಹೆಣ್ಣು ಕೇಳುವವರು. ಆ ಮಾತು ಅವನ ಕಿವಿಗೆ ಬಿದ್ದು, ಎಲ್ಲಿ ಇಡಬೇಕೆಂದು ತಿಳಿಯದ ಸಾಮಾನಿನಂತೆ ಅಲ್ಲೇ ನಿಂತಿತು. ಅವನ ತಾಯಿಯೂ ಇಂಥದೇ ನಸುಕಿನಲ್ಲಿ 'ಮೊಟ್ಟೆಗೆ ಹೋಗಿ ಬರ್ತೀನಿ' ಎಂದು ಹೊರಟು, ಸಾಲೊಮತ್‌ಳ ಮನೆಯ ಗೇಟಿನ ಮುಂದೆ ನಿಂತು, ಮೊಟ್ಟೆಯಿಲ್ಲದೆ ನಗುತ್ತ ಬಂದಿದ್ದಳು. ಅದನ್ನು ಅವನು ಮರೆತಿರಲಿಲ್ಲ. ಮರಳಿ ಬಂದ ಮಗಳಿಗಾಗಿ ಯಾರಾದರೂ ಹಾಗೆ ಬಂದಾರು ಎಂದು ಮಾತ್ರ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳ ಗಂಡನ ಮನೆಯವರು ಅವಳಿಗೆ ಏನು ಬೆಲೆ ಕಟ್ಟಿದ್ದರೋ ಅದನ್ನೇ ಅವನೂ ಕಟ್ಟಿದ್ದ.

"ಕುವಾ ಊರಲ್ಲಿ ನನ್ನ ತಂಗಿ ಮಗ ಇದಾನೆ," ಎಂದು ಬಶೋರತ್ ಶುರುಮಾಡಿದಳು. "ದಾಳಿಂಬೆ ತೋಟ. ಹೆಂಡ್ತಿ ತೀರ್ಕೊಂಡ್ಲು, ಒಂದು ಹೆಣ್ಣುಮಗು ಇದೆ. ನಿಮ್ಮನೇಲಿ ಹೆಂಗಸರಿಲ್ಲ, ಯಾರ ಹತ್ರ ಕೂತು ಮಾತಾಡೋದು? ಅದಕ್ಕೆ ನಾನೇ ನೋಡ್ಕೊಂಡು ಹೋಗ್ತಿದ್ದೆ. ಒಂದಿನ ದಾರಿ ಕೇಳ್ದೆ, ನಾನು ದಿನಾ ಓಡಾಡೋ ದಾರೀನೇ. ಪೊರಕೆ ಪಕ್ಕಕ್ಕಿಟ್ಟು ಕೈ ಒರೆಸ್ಕೊಂಡು ಹೇಳಿದ್ಲು. ಇನ್ನೊಂದಿನ ನೀರು ಕೇಳ್ದೆ, ಲೋಟ ತೊಳ್ದು ತಂದುಕೊಟ್ಲು. ಇವತ್ತು ಬರ್ತೀನಮ್ಮ ಅಂತ ಅವಳಿಗೆ ಮೊದ್ಲೇ ಸೂಕ್ಷ್ಮವಾಗಿ ಅಂದೂ ಇದ್ದೆ. ತಂಗೀನ ಕರ್ಕೊಂಡು, ರೊಟ್ಟಿ ಕಟ್ಕೊಂಡು ನಿಮ್ಮನೆಗೆ ಬರೋದು ಅಂತಿದ್ವಿ. ಅಷ್ಟರಲ್ಲಿ ಇದೊಂದು ಬಂತು ನೋಡಿ, ನಿಮ್ಮ ದೀಪ."

ಆಗಲೂ, ಆ ಕ್ಷಣದಲ್ಲೂ, ಅವನ ತಲೆಯ ಒಂದು ಮೂಲೆ ಮುದುಕಿಯ ಮಾತನ್ನು ತಡವಿ ನೋಡುತ್ತಿತ್ತು. ಇವಳನ್ನು ಯಾರಾದರೂ ಕಳಿಸಿರಬಹುದೇ? ದಾಳಿಂಬೆ ತೋಟದವನಿಗೆ ಊರಲ್ಲಿ ಬೇರೆ ಹೆಣ್ಣೇ ಇಲ್ಲವೇ? ತನ್ನ ಈ ಅಭ್ಯಾಸ ಅವನಿಗೇ ಅಸಹ್ಯವಾಯಿತು.

"ಕಳ್ಳರು ಅಂತ..." ಎಂದ.

"ತಡೀರಿ. ನಾನಿನ್ನೂ ಮುಗಿಸಿಲ್ಲ. ಹೋದ ವಾರ ಒಂದಿನ ನಾನು ಇಲ್ಲೇ ನಿಂತಿದ್ದೆ. ಅಡ್ಡಾಡ್ದೆ, ಕೆಮ್ಮಿದೆ, ಕೈ ಕೂಡ ಬೀಸ್ದೆ. ದೀಪ ಕಣ್ಣೇ ಬಿಡ್ಲಿಲ್ಲ. ಅವಳು ಒಳಗಿಂದ ಬಾಗಿಲು ತೆಗೆದ್ಲು ನೋಡಿ, ತಕ್ಷಣ ಹೊತ್ಕೊಂಡ್ತು. ಪಾಪ, ಪೊರಕೆ ಹಿಡ್ಕೊಂಡು ಹಿಂಗೇ ನಿಂತ್ಲು, ಈಗ ನೀವು ನಿಂತಿದೀರಲ್ಲ, ಹಿಂಗೇ. ನನ್ನ ಕಡೆ ನೋಡೋಕೂ ಆಗ್ದೆ ಒಳಗೆ ಹೋದ್ಲು. ಆಮೇಲೆ ಎರಡು ನಸುಕು ಬಂದೆ, ಬಾಗಿಲ ಮುಂದೆ ಎಲೆ ಹಾಗೇ ಬಿದ್ದಿತ್ತು."

ಬೀದಿಯ ಪಕ್ಕದಲ್ಲೆಲ್ಲೋ ಇನ್ನೊಂದು ಗೇಟು ಕಿರುಗುಟ್ಟಿತು. ಮಸೀದಿಗೆ ಹೊರಟ ಹೆಜ್ಜೆ ನಾಲ್ಕು ಅಡಿ ಬಂದು ನಿಂತಿತು. ಖೋಲ್ಮತ್ ಕೆಮ್ಮಿದ.

ಮುದುಕಿ ದನಿ ತಗ್ಗಿಸಲಿಲ್ಲ. "ನಾನು ತಂಗಿಗೆ ಉತ್ತರ ಹೇಳ್ಬೇಕು. ಹೆತ್ತ ಅಪ್ಪನೇ ಹೆಣ್ಣಿನ ಮೇಲೆ ದೀಪ ಬಿಟ್ಟಿದಾನೆ ಅಂದ್ರೆ ಯಾರು ಏನಂದ್ಕೋತಾರೆ? ನೀವು ಒಂದೇ ಒಂದು ಮಾತು ಹೇಳಿ, ನಾನು ನಂಬ್ತೀನಿ. ಅವಳೇನಾದ್ರೂ ಮಾಡಿದಾಳಾ? ಇಲ್ಲ ಅವಳದೇನೂ ತಪ್ಪಿಲ್ಲ, ನಿಮಗೇ ತಲೆ ಕೆಟ್ಟಿದೆಯಾ? ನಿಮ್ಮ ತಲೆ ಕೆಟ್ಟಿದ್ರೆ ನಮಗೇನೂ ತೊಂದ್ರೆ ಇಲ್ಲ. ನಾವು ಸೊಸೆ ಮಾಡ್ಕೊಳ್ಳೋದು ನಿಮ್ಮನ್ನಲ್ಲವಲ್ಲ."

ಅವನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಅವಳೇನೂ ಮಾಡಿಲ್ಲ ಆಪಾ, ನನ್ನದೇ ತಲೆ ಕೆಟ್ಟಿದ್ದು. ಎಷ್ಟು ಚಿಕ್ಕ ಮಾತು, ಎಷ್ಟು ನಿಜವಾದ ಮಾತು! ಹೇಳಿದರೆ ಮುದುಕಿ ನಕ್ಕುಬಿಡುತ್ತಾಳೆ, ನಾಳೆಯೋ ನಾಡಿದ್ದೋ ರೊಟ್ಟಿ ಕಟ್ಟಿಕೊಂಡು ಬರುತ್ತಾಳೆ, ಮಗಳು ಈ ಮನೆಯಿಂದ ತಲೆಯೆತ್ತಿ ಹೋಗುತ್ತಾಳೆ. ಹೆಣ್ಣಿನ ಬಾಳು ತನ್ನ ನಾಲಿಗೆಯ ತುದಿಯಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕತ್ತಲಲ್ಲಿ ಖೋಲ್ಮತ್ ಕಾಲು ಬದಲಿಸಿದ ಸದ್ದೂ ಕೇಳಿಸಿತು. ಸಂಜೆ ಚಾಯಿಖಾನೆಯಲ್ಲಿ ಆ ಅಂಗೈ ಮತ್ತೆ ಮೇಲೇಳುತ್ತದೆ. ಮಗಳ ಮೇಲೆ ಕಾವಲು ಕೂತವನಂತೆ, ತಾನೇ ಒಪ್ಪಿಕೊಂಡನಂತೆ, ಅದೂ ಪೈಜಾಮದ ಲಾಡಿ ಬಿಚ್ಚಿಕೊಂಡು. ಬೆಳಕು ಕಣ್ಣನ್ನು ಚುಚ್ಚುತ್ತಿತ್ತು. ಎದುರಿಗಿದ್ದವರ ಮುಖ ಒಂದಿಷ್ಟು ಕಂಡಿದ್ದರೂ ಹೇಳಿಬಿಡುತ್ತಿದ್ದನೇನೋ.

"ಕಳ್ಳರ ಕಾಟ ಆಪಾ," ಎಂದ. "ಬೇಕಾದ್ರೆ ಖೋಲ್ಮತ್‌ನ ಕೇಳಿ. ಅವರ ಮನೆ ಕೋಳಿ ಹೋಗಿದೆ."

ಕತ್ತಲಿನಿಂದ ಖೋಲ್ಮತ್, "ಹೌದು ಖಾಲಾ, ಹೋಗಿದೆ. ಒಳ್ಳೇ ಕೋಳಿ," ಎಂದ. ಪೆಟ್ಟಿಗೆಗೆ ಕೈಕೊಟ್ಟ ದಿನದಷ್ಟೇ ಮೆತ್ತಗಿತ್ತು ಅವನ ದನಿ.

"ಸರಿ ಹಾಗಾದ್ರೆ," ಎಂದಳು ಬಶೋರತ್. "ಕಳ್ಳರು ಅಂದ್ರೆ ಕಳ್ಳರೇ. ನಾನ್ಯಾಕೆ ಕೇಳ್ಲಿ."

ರಬ್ಬರು ಜೋಡಿನ ಹೆಜ್ಜೆ ಅವಸರವಿಲ್ಲದೆ ದೂರವಾಯಿತು. ಅದರ ಹಿಂದೆಯೇ ಖೋಲ್ಮತ್‌ನ ಹೆಜ್ಜೆಯೂ ಮಸೀದಿಯ ಕಡೆ ಹೋಯಿತು. ಕೂಗಬಹುದಿತ್ತು. ಆಪಾ ಎಂದು ಒಂದೇ ಒಂದು ಸಲ ಕೂಗಿದ್ದರೆ ಅವಳು ನಿಲ್ಲುತ್ತಿದ್ದಳು. ಅವನು ಅಲುಗಲಿಲ್ಲ. ಎಷ್ಟು ಹೊತ್ತು ಅಲುಗಲಿಲ್ಲವೆಂದರೆ, ಎದುರಿಗೆ ಯಾರೂ ಇಲ್ಲವೆಂದು ತಿಳಿದು ದೀಪ ತಾನಾಗಿಯೇ ಆರಿತು. ಆಗ ಬೀದಿ ಕಂಡಿತು. ಬೂದುಬಣ್ಣದ ನಸುಕು, ಕಾಲುವೆ, ಒಂದರ ಮೇಲೊಂದು ಬಿದ್ದ ಹಿಪ್ಪುನೇರಳೆ ಎಲೆಗಳು, ಖಾಲಿ ಬೀದಿ.

ಬೆನ್ನ ಹಿಂದೆ ಬಕೆಟ್ಟಿನ ಹಿಡಿ ಕಿಣಿಗುಟ್ಟಿತು. ಇನೋಬತ್ ಗೇಟಿನ ಒಳಗೇ ನಿಂತಿದ್ದಳು. ತಲೆ ಬಾಚಿ, ಮದುವೆಗೆ ಮುಂಚೆ ಹಾಕುತ್ತಿದ್ದ ಹೂವಿನ ರುಮಾಲು ಕಟ್ಟಿಕೊಂಡಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೆಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಅವಳು ಅವನ ಪಕ್ಕದಿಂದ ಹೊಸ್ತಿಲು ದಾಟಿದಳು. ದೀಪ ಹೊತ್ತಿಕೊಂಡಿತು. ಈ ಸಲ ಮೊಣಕೈ ಅಡ್ಡ ಹಿಡಿಯಲಿಲ್ಲ. ಕಾಲುವೆಗೆ ಬಗ್ಗಿ ನೀರು ಮೊಗೆದಳು, ಧೂಳೇಳದಂತೆ ಕೈಯಿಂದ ಚಿಮುಕಿಸಿದಳು, ಗೋಡೆಯ ಬುಡದಿಂದ ಗುಡಿಸಲು ಶುರುಮಾಡಿದಳು. ಎಲೆಗಳನ್ನು ಒಂದೂ ಬಿಡದೆ ಒಟ್ಟುಮಾಡಿ, ಖೋಲ್ಮತ್‌ನ ಮನೆಯ ಮುಂದಿನ ಅರ್ಧವನ್ನೂ ಸೇರಿಸಿ ಗುಡಿಸಿದಳು.

"ಬಿಡು ಇನೋಬತ್," ಎಂದ ತುರ್ಗುನ್. "ಬೆಳಕಾದ ಮೇಲೆ ಗುಡಿಸಿದ್ರೆ ಆಯ್ತು. ಈಗ್ಯಾರು ಬರ್ತಾರೆ?"

ಅವಳು ತಲೆ ಎತ್ತದೆ ಗುಡಿಸುತ್ತಲೇ ಹೇಳಿದಳು:

"ಕಳ್ಳರು ಬರ್ತಾರಂತಲ್ಲ ಅಪ್ಪಾ. ಅವರಾದ್ರೂ ನೋಡ್ಲಿ."